ಹಲಗೆಯ ನಡುವೆ

ಮಂಗಳವಾರ, ಶುಕ್ರವಾರ
ಶಾಂತಿಗ್ರಾಮದಿಂದ ಏಳೂವರೆ ಬಸ್ಸು ಹಿಡಿದು ಬರುತ್ತೇನೆ
ಹಾಸನದ ದೊಡ್ಡಾಸ್ಪತ್ರೆಗೆ.
ಕಾಯಿಲೆ ನನಗಲ್ಲ ಈಗ.
ಎದೆ ವಾರ್ಡಿನಲ್ಲಿ ಕತೆ ಹೇಳುವ ಕೆಲಸ.
ಸಂಬಳ ಇಲ್ಲ; ಒಂದು ಲೋಟ ಟೀ,
ಕೊರಳಿಗೊಂದು ಬಿಲ್ಲೆ, ಅದರ ಮೇಲೆ ನನ್ನ ಹೆಸರು,
ಜವರಪ್ಪ ಅನ್ನುವುದು ಜವರಯ್ಯ ಆಗಿ.

ಫ್ಲೇವಿಯಾ ಸಿಸ್ಟರು ಮೊದಲು ಚಿತ್ರ ತೋರಿಸುತ್ತಿದ್ದರಂತೆ:
ಇದು ಸೇದಿದ ಶ್ವಾಸಕೋಶ, ಇದು ಸೇದದ್ದು.
ಜನ ನೋಡಿದರು, ತಲೆಯಾಡಿಸಿದರು,
ಮೆಟ್ಟಿಲ ಕೆಳಗೆ ಹೋಗಿ ಹಚ್ಚಿದರು.
ಚಿತ್ರದ ಶ್ವಾಸಕೋಶಕ್ಕೆ ಊರಿಲ್ಲ, ಹೆಂಡತಿಯಿಲ್ಲ,
ಯಾರದೋ ಏನೋ.

ನಾನು ಹೇಳುತ್ತೇನೆ:
ಆಲೂಗಡ್ಡೆ ಮಂಡಿಯಲ್ಲಿ ಇಪ್ಪತ್ತಾರು ವರ್ಷ ಹಮಾಲಿ.
ದಿನಕ್ಕೆ ಎರಡು ಕಟ್ಟು ಬೀಡಿ,
ಮಳೆ ಹಿಡಿದರೆ ಲೆಕ್ಕವಿಲ್ಲ.
ನನ್ನವಳು ಬೆಂಕಿಪೊಟ್ಟಣವನ್ನು ರಾಗಿ ಡಬ್ಬಿಯಲ್ಲಿ ಬಚ್ಚಿಟ್ಟರೆ
ಒಲೆಯ ಕೆಂಡಕ್ಕೇ ಮೋರೆ ಕೊಟ್ಟವನು;
ನೋಡಿ, ಈ ಹುಬ್ಬಿನಲ್ಲಿ ಕೂದಲು ಮತ್ತೆ ಬರಲೇ ಇಲ್ಲ.
(ಇಲ್ಲಿ ಎಲ್ಲರೂ ನಗುತ್ತಾರೆ. ನಗಲಿ ಅಂತಲೇ ನಿಲ್ಲಿಸುತ್ತೇನೆ.)

ಆಮೇಲೆ, ಗೌರಿಹಬ್ಬದ ಹಿಂದಿನ ದಿನ,
ಐವತ್ತು ಕಿಲೋ ಬೆನ್ನ ಮೇಲೆ,
ನೆಲದಿಂದ ಲಾರಿಗೆ ಹಾಕಿದ ಹಲಗೆ.
ನಡು ಹಲಗೆಯಲ್ಲಿ ಉಸಿರು
ನನ್ನನ್ನು ಬಿಟ್ಟು ಮುಂದೆ ಹೋಯಿತು.
ಹಿಂದಿನವರು ಕೂಗುತ್ತಿದ್ದಾರೆ, ನಡಿಯೋ, ನಡಿಯೋ.
ಹಲಗೆ ತೂಗುತ್ತಿದೆ.
ಹತ್ತಲಾರೆ, ಇಳಿಯಲಾರೆ,
ಮೂಟೆ ಕೆಡವಲಾರೆ: ಕೆಳಗೆ ಹುಡುಗನೊಬ್ಬ
ಚೆಲ್ಲಿದ ಗಡ್ಡೆ ಆಯುತ್ತಿದ್ದಾನೆ.

ಅವತ್ತೇ ಬಿಟ್ಟೆ, ಎನ್ನುತ್ತೇನೆ.
ಕತೆ ಅಲ್ಲಿಗೆ ಮುಗಿಯುತ್ತದೆ.
ನೂರು ಸಲ ಹೇಳಿ ಹೇಳಿ
ಹಳೇ ಕಲ್ಲುಮೆಟ್ಟಿಲಂತೆ ನಯವಾಗಿದೆ;
ಕಾಲಿಟ್ಟವರು ಜಾರುತ್ತಾರೆ.

ಹದಿನಾಲ್ಕನೇ ಮಂಚದ ಖುದ್ದೂಸ್ ನಗಲಿಲ್ಲ.
ತಣ್ಣೀರುಹಳ್ಳದಲ್ಲಿ ರೇಡಿಯೇಟರಿಗೆ ಬೆಸುಗೆ ಹಾಕುವವನು,
ಎಲ್ಲಿ ಸೋರುತ್ತದೆಂದು ಹುಡುಕುವುದೇ ಕಸುಬು.
ಮೂಗಿನ ನಳಿಕೆ ಸರಿಸಿ ಕೇಳಿದ:
"ಅವತ್ತೇ ಬಿಟ್ಟಿದ್ದಾ?"
"ಅವತ್ತೇ."
"ಆಮೇಲೆ ಒಂದೂ ಇಲ್ಲ?"

ಆಚೆ ಮಂಚದಲ್ಲಿ ಸಿಸ್ಟರು ಬಿ.ಪಿ. ನೋಡುತ್ತಿದ್ದರು.
ತೋಳಿನ ಪಟ್ಟಿ ಉಸ್ಸೆಂದು ಇಳಿಯಿತು.
ಕುರ್ಚಿ ಹತ್ತಿರ ಎಳೆದುಕೊಂಡೆ.

ಬಿಟ್ಟೆ. ಹನ್ನೊಂದು ದಿನ.
ಮತ್ತೆ ಹಿಡಿದೆ. ಮತ್ತೆ ಬಿಟ್ಟೆ, ಪೂರಾ ಒಂದು ವರ್ಷ.
ಅಣ್ಣ ಸತ್ತ ರಾತ್ರಿ ಹೊಳೆನರಸೀಪುರದಲ್ಲಿ
ಟ್ರಾಕ್ಟರಿನ ಹಿಂದೆ ನಿಂತು ಎರಡು ಸೇದಿದೆ.
ಅವನ ಜೇಬಿನದೇ ಬೀಡಿ.
ಅವನು ಹೋದದ್ದೂ ಅದರಿಂದಲೇ.
ಹಿತವಾಗಿತ್ತು, ಸುಳ್ಳೇಕೆ.
ಬಿಲ್ಲೆ ಕೊಟ್ಟವರಿಗೆ ಇದನ್ನು ಹೇಳಿಲ್ಲ.
ಈಗಲೂ ಬಸ್ಸಿನಲ್ಲಿ ಯಾರದೋ ಅಂಗಿಯಿಂದ ಆ ವಾಸನೆ ಬಂದರೆ
ನನ್ನ ಎರಡು ಬೆರಳು ತಾವಾಗಿ ಹತ್ತಿರ ಸರಿಯುತ್ತವೆ,
ನಡುವೆ ಏನೂ ಇಲ್ಲದಿದ್ದರೂ.

ಖುದ್ದೂಸ್ ಆಗ ನಕ್ಕ. ನಗು ಕೆಮ್ಮಾಯಿತು,
ಕೆಮ್ಮಿಗೆ ಮಂಚವೇ ಅಲ್ಲಾಡಿತು. ನೀರು ಕುಡಿಸಿದೆ.
ಎಕ್ಸ್‌ರೇ ಲಕೋಟೆಗೆ ಕೈ ಹಾಕಿ
ತನ್ನದೇ ಎದೆಯ ಚಿತ್ರದ ಜೊತೆ ಮಲಗಿಸಿದ್ದ
ಸಣಕಲು ಕಟ್ಟು ತೆಗೆದು ತೋರಿಸಿದ.
ಕೈ ಚಾಚಿದೆ. ಕೊಡಲಿಲ್ಲ.
"ಏಳಿವೆ. ಎಣಿಸಿಕೊಳ್ಳಿ. ಶುಕ್ರವಾರ ಬಂದು ಕೇಳಿ."

ಶುಕ್ರವಾರ ಹದಿನಾಲ್ಕರಲ್ಲಿ ಬೇರೆ ಯಾರೋ,
ಅರಸೀಕೆರೆ ಕಡೆಯ ಮುದುಕ, ಗೋಡೆಗೆ ಮುಖ.
ನನ್ನ ಎದೆ ಧಸಕ್ಕೆಂದಿತು.
"ಈಗ ಬೆಳಿಗ್ಗೆ ಡಿಸ್ಚಾರ್ಜು," ಎಂದಳು ಆಯಾ ತಿಮ್ಮಕ್ಕ,
ಬಕೆಟ್ಟು ಇಳಿಸದೆ.
"ಆಲೂಗಡ್ಡೆಯವರು ಬಂದ್ರೆ ನಾಲ್ಕು ಅಂತ ಹೇಳು ಅಂದ್ರು.
ಅಷ್ಟೇ ಅಂದ್ರು."

ನಾಲ್ಕು ಉಳಿದಿವೆಯೋ,
ಮುಟ್ಟದೆ ನಾಲ್ಕು ದಿನವಾಯಿತೋ.
ಮಂಗಳವಾರದಿಂದ ಬೆರಳು ಮಡಚಿ ನೋಡಿದೆ.
ಎರಡೂ ಲೆಕ್ಕ ಕೂಡುತ್ತದೆ.

ಗೋಡೆಯ ಕಡೆಯಿಂದಲೇ ಮುದುಕ ಕೇಳಿದ:
"ಯಾರು, ಡಾಕ್ಟ್ರಾ?"
ಅಲ್ಲ ಎಂದು ಕೂತೆ.
ಹುಬ್ಬಿನ ಸುದ್ದಿ ಎತ್ತಲಿಲ್ಲ.
ಹನ್ನೊಂದು ದಿನ ಬಿಟ್ಟಿದ್ದೆ, ಎಂದು ಶುರು ಮಾಡಿದೆ.