ಹಳೆಯ ನೊಣಗಳು

ಮೊದಲ ದಿನ ನೊಣವೆಂದೇ ಕೈಬೀಸಿದೆ.
ಕೊಲ್ಚಾನಿಯ ಉಪ್ಪುಬಯಲಿಗೆ ನೊಣವೆಲ್ಲಿಂದ ಬರಬೇಕು?
ಹುಲ್ಲಿಲ್ಲ, ಸಗಣಿಯಿಲ್ಲ, ಕೊಳೆಯುವುದಕ್ಕೂ ಏನಿಲ್ಲ,
ಕಣ್ಣು ಹಾಯುವಷ್ಟೂ ಬಿಳಿ.
ಗುಡ್ಡೆ ಹಾಕುತ್ತಿದ್ದ ಎಫ್ರಾಯಿನ್ ಸಲಿಕೆ ಊರಿ ನಿಂತು
ಯಾರಿಗೆ ಕೈ ಮಾಡ್ತಿದೀಯ ಇಲಾರಿಯಾ, ಅಂದ.

ನೋಡಹೋದರೆ ಜಾರುತ್ತಿತ್ತು,
ನಾನು ನಿಂತರೆ ತಾನೂ ಮೆಲ್ಲಗೆ ಇಳಿದು ನಿಲ್ಲುತ್ತಿತ್ತು.
ಒಂದು ಎಳೆ, ಎರಡು ಗಂಟು,
ಲಾಮಾ ಉಣ್ಣೆ ನೂಲುವಾಗ ಬೆರಳಿಗಂಟುವ ಚೂರಿನಂತೆ.
ಕಪ್ಪು ಕನ್ನಡಕ ಒರೆಸಿದೆ.
ಅದು ಕನ್ನಡಕದ ಈಚೆಗಿತ್ತು,
ರೆಪ್ಪೆಗಿಂತಲೂ ಈಚೆಗೆ.

ಊಯುನಿಯ ಡಾಕ್ಟರಮ್ಮ ಹನಿ ಹಾಕಿ
ಅರ್ಧ ಗಂಟೆ ಕೂರಿಸಿ ದೀಪ ಹಿಡಿದಳು.
"ಕಣ್ಣೊಳಗಿನ ಲೋಳೆ ವಯಸ್ಸಿಗೆ ಕುಗ್ಗುತ್ತೆ,
ನಾರುನಾರಾಗುತ್ತೆ.
ನಿನಗೆ ಕಾಣೋದು ನಾರಲ್ಲ, ಅದರ ನೆರಳು.
ಬಿಳಿಯ ಮೇಲೆ ದುಡಿಯೋಳು, ನಿನಗೆ ಎದ್ದು ಕಾಣುತ್ತೆ.
ಇರಲಿ ಬಿಡು."
ಬಾಗಿಲವರೆಗೂ ಬಂದು ತೋಳು ಹಿಡಿದಳು:
"ಒಮ್ಮೆಲೇ ಮಸಿ ಚೆಲ್ಲಿದ ಹಾಗಾದರೆ,
ಮೋಡವಿಲ್ಲದೆ ಮಿಂಚಿದರೆ,
ಅಂಚಿನಿಂದ ಪರದೆ ಸರಿದು ಬಂದರೆ,
ನೋವಿಗೆ ಕಾಯಬೇಡ, ಅದು ನೋಯೋದಿಲ್ಲ.
ಅವತ್ತೇ ಬಾ."

ಎಳೆಗೆ ಅತ್ತೆಯ ಹೆಸರಿಟ್ಟೆ, ಡೋನ್ಯಾ ಉರ್ಸುಲಾ.
ಎತ್ತ ತಿರುಗಿದರೂ ಮುಂದೆ ಬಂದು ನಿಲ್ಲುವವಳು.
ಎರಡು ವರ್ಷ ಜೊತೆಗೇ ಉಪ್ಪು ಕೆರೆದೆವು.

ಆಗಸ್ಟು. ನಮ್ಮಲ್ಲಿ ಮಿಂಚಿನ ತಿಂಗಳಲ್ಲ.
ಎಡಗಣ್ಣ ಮೂಲೆಯಲ್ಲಿ ಮಿಂಚಿತು,
ಮತ್ತೊಮ್ಮೆ,
ಆಮೇಲೆ ಬಯಲ ತುಂಬ ಯಾರೋ ಮೆಣಸಿನ ಪುಡಿ ಎರಚಿದ ಹಾಗೆ.
ಗುರುವಾರ ಲಾರಿ ಬರುತ್ತಲ್ಲ, ಅಂದ ಎಫ್ರಾಯಿನ್.
ಅಣ್ಣ ಫಕುಂದೋ ಹೀಗೇ
ಕಾರ್ನಿವಲ್ ಮುಗಿಯಲಿ ಅಂದಿದ್ದ.
ಈಗ ಚಹಾ ಸುರಿಯುವಾಗ ಲೋಟದ ಬಾಯಿಗೆ ಬೆರಳಿಟ್ಟು ಅಳೆಯುತ್ತಾನೆ.

ಗುಡ್ಡೆ ಅರ್ಧಕ್ಕೇ ಬಿಟ್ಟೆ.
ಅಂಗೈಯ ಮೇಲೆ ಗೆಳತಿಯನ್ನು ನಿಲ್ಲಿಸಿಕೊಂಡಂತೆ
ಫೋಟೋ ತೆಗೆಯುತ್ತಿದ್ದ ಪ್ರವಾಸಿ ಹುಡುಗರ ಜೀಪಿಗೆ
ಕೇಳದೆಯೇ ಹತ್ತಿ ಕೂತೆ.
ಅವರ ಪ್ಲಾಸ್ಟಿಕ್ ಡೈನೋಸಾರು ನನ್ನ ಮಡಿಲಲ್ಲಿತ್ತು
ಊಯುನಿಯ ಆಸ್ಪತ್ರೆಯವರೆಗೂ.
ಅಲ್ಲಿಂದ ರಾತ್ರಿ ಬಸ್ಸು, ಪೊಟೋಸಿ.

ಹರಿದಿತ್ತು, ಕಳಚಿರಲಿಲ್ಲ.
ಹರಕಿನ ಸುತ್ತ ಹಸಿರು ಬೆಳಕಿನ ಹೊಲಿಗೆ,
ಒಂದೊಂದು ಚುಕ್ಕೆಗೂ ತಲೆಯೊಳಗೆ ಸಣ್ಣ ಚುಳುಕು.
ಹೊಲಿದವನು ಚಿಕ್ಕ ಹುಡುಗ, ಆಕಳಿಸುತ್ತಿದ್ದ.
ನಾಳೆ ಬಂದಿದ್ದರೆ? ಅಂದೆ.
ಅವನು ಕೈಗವಸು ಬಿಚ್ಚುತ್ತ ಏನೂ ಹೇಳಲಿಲ್ಲ.

ಉರ್ಸುಲಾ ಇದ್ದಾಳೆ, ಮಸಿಯೂ ಒಂದಿಷ್ಟು ಉಳಿದಿದೆ.
ಬೆಳಿಗ್ಗೆ ಸಲಿಕೆ ಎತ್ತುವ ಮೊದಲು
ಒಂದು ಕಣ್ಣು ಮುಚ್ಚುತ್ತೇನೆ, ಆಮೇಲೆ ಇನ್ನೊಂದು,
ಬಯಲ ನಾಲ್ಕೂ ಅಂಚು ಇವೆಯೇ ನೋಡುತ್ತೇನೆ.
ಇವತ್ತು ಎಷ್ಟು ನೊಣ? ಎನ್ನುತ್ತಾನೆ ಎಫ್ರಾಯಿನ್,
ನಗುವುದಿಲ್ಲ ಈಗ.
ಹಳೆಯವೇ, ಎನ್ನುತ್ತೇನೆ.