ಒಲೆಯಿಲ್ಲದ ಕುದಿ

ಕಾಖೇತಿಯ ಅಕ್ಟೋಬರ್. ನೆಲಮಾಳಿಗೆಯಲ್ಲಿ
ಕತ್ತಿನವರೆಗೆ ಹೂತ ಏಳು ಮಣ್ಣಿನ ಹಂಡೆ.
ಮಾಲ್ಖಾಜ್ ಮಂಡಿಯೂರಿ ಕಿವಿ ಹಚ್ಚುತ್ತಾನೆ:
"ಮೂರನೆಯದು ಮಾತಿಗೆ ಶುರುವಿಟ್ಟಿದೆ,
ಐದನೆಯದು ಇನ್ನೂ ಮೂಗಿ."

ಮಗಳು ತ್ಸಿಯಾಲಾ ಹುಟ್ಟುಕಿವುಡಿ.
ತೋಳು ಮಡಚಿ, ತೇಲುವ ಸಿಪ್ಪೆಯ ಗಟ್ಟಿಪದರ ಸೀಳಿ
ಮೊಣಕೈವರೆಗೆ ಇಳಿಸುತ್ತಾಳೆ.
ಬೆಚ್ಚಗಿದೆ. ಒಲೆಯಿಲ್ಲ, ಸೌದೆಯಿಲ್ಲ,
ಆದರೂ ಬಾಣಂತಿಯ ಹಾಸಿಗೆಯ ಹಾಗೆ ಬೆಚ್ಚಗೆ.
ರೋಮ ರೋಮಕ್ಕೂ ಒಂದೊಂದು ಗುಳ್ಳೆ ಬಂದು ಕೂರುತ್ತದೆ,
ಒಡೆಯುತ್ತದೆ.

ಯಾರೂ ಹೆಪ್ಪು ಹಾಕಿರಲಿಲ್ಲ.
ದ್ರಾಕ್ಷಿಯ ಮೈಮೇಲಿನ ಮಾಸಲು ಮೇಣದಲ್ಲಿ
ಕೂತೇ ಬಂದವರು ಅವರು,
ಬುಟ್ಟಿಯ ಬಾಡಿಗೆಯನ್ನೂ ಕೊಡದೆ.
ಕಾಲ್ತುಳಿತಕ್ಕೆ ಹಣ್ಣು ಒಡೆದದ್ದೇ ತಡ
ಮೈಯಲ್ಲಿ ಮೊಗ್ಗೊಡೆದು ಒಬ್ಬರು ಇಬ್ಬರಾಗಿ,
ಇಬ್ಬರು ಊರಾಗಿ,
ಮೂರು ದಿನಕ್ಕೆ ಎಣಿಸುವವರೇ ಇಲ್ಲ.

ರಸದಲ್ಲಿದ್ದ ಗಾಳಿ ಬೇಗ ತೀರಿತು.
ತೀರಿದರೇನು, ಬದುಕಬೇಕಲ್ಲ?
ಉಸಿರಿಲ್ಲದೆಯೂ ಉಣ್ಣುವ ವಿದ್ಯೆ ಅವರಿಗುಂಟು:
ಸಕ್ಕರೆಯ ಮುರಿ,
ಅರ್ಧ ಅಮಲು, ಅರ್ಧ ಗುಳ್ಳೆ;
ಮುರಿವಾಗ ಸಿಡಿದ ಚೂರುಪಾರು ಕಸುವೇ ಕೂಲಿ.
ನಾವು ಮದುವೆಯಲ್ಲಿ ಬಟ್ಟಲೆತ್ತಿ ಹರಸುವುದು
ಅವರು ಹಿತ್ತಲಿಗೆ ಎಸೆದ ಕಸವನ್ನು.

ಗುಳ್ಳೆಯ ಮಾತು ಬೇರೆ.
ಅದು ಗಾಳಿಗಿಂತ ಭಾರ; ನೆಲ ಹಿಡಿದು ಹರಿದು
ಪಕ್ಕದ ಖಾಲಿ ಹಂಡೆಯಲ್ಲಿ ಕಾಣದ ನೀರಿನಂತೆ ತುಂಬುತ್ತದೆ.
ತೊಳೆಯಲು ಇಳಿಯುವ ಮುನ್ನ
ಹಗ್ಗಕ್ಕೆ ಮೇಣದಬತ್ತಿ ಕಟ್ಟಿ ಇಳಿಬಿಡಬೇಕು,
ಬತ್ತಿ ಆರಿದರೆ ಮನುಷ್ಯ ಇಳಿಯಬಾರದು.
ಮಾಲ್ಖಾಜ್‌ನ ಅಣ್ಣ ಒಂದು ಸಲ ಬತ್ತಿಯಿಲ್ಲದೆ ಇಳಿದ.
ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.
ತ್ಸಿಯಾಲಾಗೆ ಮಾತ್ರ, ಬೆರಳಲ್ಲಿ, ಹೇಳಿದ್ದಾರೆ.

ಹದಿನೇಳನೆಯ ದಿನ. ತೋಳು ತೆಗೆದು
ಮುಷ್ಟಿ ಮುಚ್ಚಿ ತೋರಿಸುತ್ತಾಳೆ: ಮುಗಿಯಿತು.
"ಇಲ್ಲ, ಇನ್ನೂ ಗುಣುಗುಣು ಇದೆ," ಎನ್ನುತ್ತಾನೆ ಅಪ್ಪ,
ಕೆನ್ನೆಯನ್ನು ಹಂಡೆಯ ಅಂಚಿಗೊತ್ತಿ.
ಕತ್ತಲಾಗುವವರೆಗೂ ಹಾಗೇ ಇದ್ದ.
ಕೇಳಿಸುತ್ತಿದ್ದುದು ತನ್ನದೇ ನೆತ್ತರ ಸದ್ದೆಂದು
ಅವನಿಗೆ ತಿಳಿಯಿತೋ ಇಲ್ಲವೋ.

ಕೆಳಗೆ, ಸಕ್ಕರೆ ತೀರಿ, ತಾವೇ ಹಿಂಡಿದ ಅಮಲಿನಲ್ಲಿ
ಅವರು ಒಬ್ಬೊಬ್ಬರೇ
ತಳದ ಚೂಪಿಗೆ ಬಿಳಿಗೆಸರಾಗಿ ಇಳಿಯುತ್ತಿದ್ದರು.

ಅವಳು ಕೆನ್ನೀಲಿ ತೋಳನ್ನು ಒಮ್ಮೆ ಮೂಸಿ
ಲಂಗಕ್ಕೆ ಒರೆಸಿಕೊಂಡು
ಮುಚ್ಚಳದ ಕಲ್ಲಿಗೆ ಮೆತ್ತಲು
ಜೇಡಿಮಣ್ಣು ಕಲಸಲು ಹೋದಳು.