ಬೊಟ್ಟು

ಮೂವತ್ತು ವರ್ಷ ತೊಲ್ಮಿನ್ ಊರಿನ ಅಂಚೆಕಚೇರಿಯಲ್ಲಿ
ಮುದ್ರೆ ಒತ್ತಿದ ಕೈ ಮಿಲೋಯ್ಕಾಳದು.
ಈಗ ಬೆಂಕಿಕಡ್ಡಿಯ ತುದಿಯಲ್ಲಿ ಒಂದು ಹನಿ ಹಸಿರು.
ನಾಲ್ಕರಲ್ಲಿ ಮುಗಿದ ವರ್ಷ ಹುಟ್ಟಿದ ರಾಣಿಗೆ ಹಸಿರು,
ಐದಕ್ಕೆ ನೀಲಿ. ಎಲ್ಲ ದೇಶದಲ್ಲೂ ಇದೇ ಲೆಕ್ಕವಂತೆ.

ಮೊದಲು ಗಂಡುನೊಣಗಳ ಮೇಲೆ ಕೈ ಪಳಗಿಸು ಅಂದಳು,
ಅವಕ್ಕೆ ಕೊಂಡಿಯಿಲ್ಲ, ಕೆಲಸವೂ ಇಲ್ಲ.
ನನ್ನ ಏಳು ಸೋಮಾರಿಗಳು ಮಧ್ಯಾಹ್ನವಿಡೀ
ಹಸಿರು ಬಳಿದುಕೊಂಡು ಲೀಪಾ ಮರದ ಸುತ್ತ ಮೆರೆದವು.
ಒಂದಕ್ಕೆ ಕಣ್ಣೂ ಮುಚ್ಚಿಹೋಗಿತ್ತು, ಪಾಪ.

ಆಮೇಲೆ ಅವಳು.
ಬೂದು ಸಂದಣಿಯಲ್ಲಿ ಕಂದು, ಉದ್ದ, ಅವಸರವಿಲ್ಲದ ನಡಿಗೆ.
ರೆಕ್ಕೆ ಹಿಡಿದೆತ್ತಿ, ಎರಡು ಬೆರಳ ನಡುವೆ ಕಾಲು ಸಿಕ್ಕಿಸಿ,
ಉಸಿರು ಕಟ್ಟಿ.
“ಒತ್ತಬೇಡ. ಇದು ಪಾರ್ಸೆಲ್ ಅಲ್ಲ.”

ದೃಷ್ಟಿ ತಾಗದಿರಲೆಂದು ಇಡುವ ಬೊಟ್ಟಲ್ಲ,
ತಾಗಲಿ ಎಂದೇ ಇಟ್ಟದ್ದು.

ಅಲ್ಲಿಂದ ತಪಾಸಣೆ ಸಲೀಸು:
ಪೆಟ್ಟಿಗೆಯ ಹಿಂಬಾಗಿಲು ತೆರೆ, ಚೌಕಟ್ಟು ಎಳೆ,
ಹಸಿರು ಕಂಡಿತೇ, ಮುಚ್ಚು.
ಜೂನ್ ಪೂರ್ತಿ ಹಾಗೇ. ಜುಲೈ ಕೂಡ.

ಆಗಸ್ಟಿನಲ್ಲಿ ಒಂದು ದಿನ ಚೌಕಟ್ಟು ಕೈಯಲ್ಲಿ ಹೊರಳಿತು.
ಹಸಿರಿನವಳಿಂದ ಎರಡು ಬೆರಳಷ್ಟು ದೂರದಲ್ಲಿ
ಬೊಟ್ಟಿಲ್ಲದ ಇನ್ನೊಬ್ಬಳು
ಖಾಲಿ ಕಣಕ್ಕೆ ಹೊಟ್ಟೆ ಇಳಿಸಿ ಮೊಟ್ಟೆಯಿಡುತ್ತಿದ್ದಳು.

“ಮಗಳು,” ಅಂದಳು ಮಿಲೋಯ್ಕಾ. “ತಾಯಿ ಸೋತಳೆಂದು
ಮನೆಯವರಿಗೆ ಯಾವತ್ತೋ ಗೊತ್ತಾಗಿದೆ.”

ಯಾವತ್ತೋ.
ನೀಲಿ ಶೀಶೆ ಜೇಬಿನಲ್ಲೇ ಇತ್ತು. ಅವಳು ನನ್ನತ್ತ ನೋಡಿದಳು.
ನಾನು ಬಾಗಿಲು ಮೆಲ್ಲಗೆ ದೂಡಿದೆ.